ದುಆ ಇರಲಿ, ದವಾ ಕೂಡ ಇರಲಿ



2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸಮೀಪದ ಖಾಸಗಿ ಆಶ್ರಯಧಾಮವೊಂದಕ್ಕೆ ಬೆಂಕಿ ಬಿದ್ದು 28 ಮಾನಸಿಕ ರೋಗಿಗಳು ಅಸುನೀಗಿದರು. ಸರಪಳಿಯಲ್ಲಿ ಬಂಧಿಸಿದ್ದರಿಂದ ಓಡಿ ಪಾರಾಗಲಾಗಲಿಲ್ಲ. ಅಂಥಲ್ಲಿ ರೋಗಿಗಳನ್ನು ಬಿಟ್ಟುಹೋಗುತ್ತಿದ್ದವರು ಮನೆಯವರೇ. ಗುಣವಾಗಲೆಂಬ ಹಂಬಲವಿತ್ತು, ಸರಿದಾರಿ ಹೇಳುವವರಿರಲಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿತು. ಆದರೆ ಕಾಯ್ದೆಯೊಂದೇ ರೋಗಿಯನ್ನು ವೈದ್ಯರ ಬಳಿ ತಲುಪಿಸದು. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಒಂದೊಂದು ಕಾಯಿಲೆಯಲ್ಲೂ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಈ ಕೊರತೆಯನ್ನು ತುಂಬುವವರಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಮುಖ್ಯರು. ವೈದ್ಯರು ಔಷಧ ಬರೆಯುತ್ತಾರೆ. ಇವರು ಮನೆಗೆ ಹೋಗಿ ವಿಚಾರಿಸುತ್ತಾರೆ. ಮಾತ್ರೆ ಅರ್ಧಕ್ಕೆ ನಿಂತದ್ದೇಕೆ? ಬಸ್ಸಿಗೆ ದುಡ್ಡಿಲ್ಲವೇ? ತಂಗಿಯ ಮದುವೆಗೆ ಅಡ್ಡಿಯಾದೀತೆಂದು ಕಾಯಿಲೆ ಮುಚ್ಚಿಟ್ಟಿದ್ದಾರೆಯೇ? ಕಾರಣ ತಿಳಿದ ಮೇಲೆಯೇ ಪರಿಹಾರ.

ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಮುಜಾವರರೇ ತರಬೇತಿ ಪಡೆದು, ಹರಕೆಗೆ ಬಂದವರನ್ನು ಮನೋವೈದ್ಯರ ಬಳಿಗೂ ಕಳುಹಿಸುವ 'ದವಾ-ದುಆ' ಯೋಜನೆ ನಡೆಯಿತು. ಪ್ರಾರ್ಥನೆ ಬಿಡಿ ಎಂದು ಯಾರೂ ಹೇಳಲಿಲ್ಲ. ಅದರ ಜೊತೆಗೆ ಮದ್ದು ಸೇರಿತು.

ಮಕ್ಕಳು ಡಾಕ್ಟರ್, ಇಂಜಿನಿಯರ್ ಆಗಬೇಕೆಂಬ ಆಸೆ ನಮಗೆಲ್ಲ ಇದೆ, ಸಂತೋಷ. ಆದರೆ ನಿಮ್ಮಲ್ಲಿ ಕೆಲವರಾದರೂ ಎಂ.ಎಸ್.ಡಬ್ಲ್ಯೂ. ಓದಿ ಈ ಕ್ಷೇತ್ರಕ್ಕೆ ಬನ್ನಿ. ಹೆಣ್ಣುಮಕ್ಕಳೂ ಬನ್ನಿ, ಗಂಡಸರ ಮುಂದೆ ಬಾಯಿಬಿಡದ ಎಷ್ಟೋ ತಾಯಂದಿರು ನಿಮ್ಮೊಡನೆ ಮಾತನಾಡಿಯಾರು. ಉಳಿದವರು ಒಂದು ನಂಬರ್ ನೆನಪಿಡಿ: 14416. ಟೆಲಿ ಮಾನಸ್‌ನ ಈ ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲೂ ಮಾತನಾಡಬಹುದು.

ನೊಂದವರ ಕೈ ಹಿಡಿಯುವ ತೌಫೀಕನ್ನು ಅಲ್ಲಾಹನು ನಮಗೆ ನೀಡಲಿ. ಆಮೀನ್.