ಬಡಗಿಯ ಮನೆಗೆ ಬಂದ ದೇವರು

ಕ್ರಿಸ್ಮಸ್ ಕೂಟದಲ್ಲಿ ಮಾತಾಡು ಅಂತ ಕಾರ್ಯದರ್ಶಿಗಳು ಹೇಳಿದ್ದಾರೆ. ಕೇಕು, ನಕ್ಷತ್ರ ಅಂತ ಹೇಳಿ ಕೂತುಬಿಡಬಹುದಿತ್ತು. ಆದರೆ ಡಿಸೆಂಬರ್ ಬಂತೆಂದರೆ ರೂಮಿನ ಗೆಳೆಯರು ಕೇಳುವುದು ಒಂದೇ ಪ್ರಶ್ನೆ: “ನಿಮ್ಮ ಯೇಸು ಅಂದ್ರೆ ನಮ್ಮ ರಾಮ, ಕೃಷ್ಣರ ಹಾಗೆ ಒಂದು ಅವತಾರ ತಾನೆ?” ಅದಕ್ಕೇ ಉತ್ತರ ಹೇಳ್ತೀನಿ. ನಾನು ಪಾದ್ರಿಯಲ್ಲ, ಐಟಿಐ ಮಾಡಿದ ಎಲೆಕ್ಟ್ರಿಷಿಯನ್.

ಹೋಲಿಕೆ ಇದೆ. ಎರಡರಲ್ಲೂ ದೇವರು ಇಳಿದು ಬರುತ್ತಾನೆ. ಆದರೆ ವಿಷ್ಣುವಿನ ಅವತಾರಗಳು ಹಲವು. ಕ್ರೈಸ್ತರು ನಂಬುವುದು ಒಂದೇ ಸಲ. ಕೆಲಸ ಮುಗಿದ ಮೇಲೆ ಆ ದೇಹವನ್ನು ಡ್ಯೂಟಿ ಬಟ್ಟೆಯ ಹಾಗೆ ಬಿಚ್ಚಿಟ್ಟು ಹೋಗಲಿಲ್ಲ ಅಂತಲೂ ನಂಬುತ್ತೇವೆ. ಸತ್ತು ಎದ್ದ ಮೇಲೂ ಕೈಯಲ್ಲಿ ಮೊಳೆಯ ಗುರುತು ಇತ್ತು.

ಮುಸ್ಲಿಂ ಗೆಳೆಯರಿಗೆ ಇದು ಒಪ್ಪಿಗೆಯಲ್ಲ. ಅವರು ಈಸಾರನ್ನು ಪ್ರವಾದಿ ಅಂತ ಗೌರವಿಸುತ್ತಾರೆ, ಕುರಾನಿನಲ್ಲಿ ಮರ್ಯಮ್ ಹೆಸರಿನ ಅಧ್ಯಾಯವೇ ಇದೆ. ಆದರೆ ದೇವರು ಮನುಷ್ಯನಾಗುವುದು ಅವರ ನಂಬಿಕೆಗೆ ಹೊರತು. ಇಲ್ಲಿ ನಾವು ಬೇರೆ ಬೇರೆ, ಮುಚ್ಚಿಡೋದು ಯಾಕೆ? ಒಂದೇ ಪಾತ್ರೆಯ ಅನ್ನ ಉಣ್ಣೋಕೆ ಅದು ಅಡ್ಡಿ ಬಂದಿಲ್ಲವಲ್ಲ.

ನನ್ನ ಕೆಲಸ ನೋಡಿ ಕೆಲವರು ಹೇಳ್ತಾರೆ, ತಂತಿಯೊಳಗೆ ಕರೆಂಟು ಹರಿದ ಹಾಗೆ ಯೇಸುವಿನೊಳಗೆ ದೇವರು ಅಂತ. ಕೇಳೋಕೆ ಚೆಂದ, ಆದರೆ ಹೊಂದಲ್ಲ. ಬ್ರೇಕರ್ ಬಿದ್ದರೆ ಕರೆಂಟು ಹೋಯ್ತು, ತಾಮ್ರ ಬರೀ ತಾಮ್ರವಾಗಿ ಉಳೀತು. 451ರಲ್ಲಿ ಕಾಲ್ಸೆಡನ್ ಎಂಬ ಊರಲ್ಲಿ ಸೇರಿದ ಬಿಷಪ್ಪರು ತೀರ್ಮಾನಿಸಿದ್ದು ಬೇರೆ: ಪೂರ್ತಿ ದೇವರು, ಪೂರ್ತಿ ಮನುಷ್ಯ, ಆದರೂ ಇಬ್ಬರಲ್ಲ, ಒಬ್ಬನೇ. ಅದಕ್ಕೂ ಎಷ್ಟೋ ಮೊದಲು ಕೆಲವರು, ಯೇಸುವಿನ ದೇಹ ಬರೀ ತೋರಿಕೆ, ನೋವು ಆದ ಹಾಗೆ ಕಂಡಿತು ಅಷ್ಟೆ, ಅಂದಿದ್ದರು. ಸಭೆ ಅದನ್ನು ಖಡಾಖಂಡಿತವಾಗಿ ತಳ್ಳಿಹಾಕಿತು. ನನಗಂತೂ ಇದೇ ದೊಡ್ಡ ವಿಷಯ. ಸಮಾರ್ಯದ ಬಾವಿಯ ಹತ್ತಿರ ದಣಿದು ಕೂತು ನೀರು ಕೇಳಿದ್ದು ನಾಟಕವಾಗಿದ್ದರೆ, ಆಗಸ್ಟ್ ಬಿಸಿಲಲ್ಲಿ ಛಾವಣಿ ಮೇಲೆ ಕೇಬಲ್ ಎಳೆಯುವವನಿಗೆ ಆ ದೇವರಿಂದ ಏನಾಗಬೇಕು?

ಮಾರ್ಕನ ಸುವಾರ್ತೆಯಲ್ಲಿ ಯೇಸುವಿಗೆ ‘ತೆಕ್ತೋನ್’ ಅನ್ನುವ ಗ್ರೀಕ್ ಪದ ಬಂದಿದೆ. ಬಡಗಿ ಅಂತ ಅನುವಾದ, ಮನೆ ಕಟ್ಟುವ ಕೆಲಸಗಾರ ಅಂತಲೂ ಅರ್ಥವಿದೆ. ನಜರೇತಿನಿಂದ ಆರು ಕಿಲೋಮೀಟರ್ ದೂರದ ಸೆಫೋರಿಸ್ ಪಟ್ಟಣವನ್ನು ಆ ಕಾಲದಲ್ಲೇ ಹೆರೋದ ಅಂತಿಪನು ಮತ್ತೆ ಕಟ್ಟಿಸುತ್ತಿದ್ದ. ಯೇಸು ಅಲ್ಲಿಗೂ ಕೂಲಿಗೆ ಹೋಗಿರಬಹುದು ಅಂತ ಕೆಲವು ವಿದ್ವಾಂಸರ ಊಹೆ. ಬೋಧನೆ ಶುರುಮಾಡಿದಾಗ ವಯಸ್ಸು ಸುಮಾರು 30 ಅಂತ ಲೂಕ ಬರೆಯುತ್ತಾನೆ. ಅಂದರೆ ಬದುಕಿನ ಹೆಚ್ಚಿನ ಪಾಲು ಪವಾಡವಿಲ್ಲ, ಜನಸಂದಣಿಯಿಲ್ಲ. ಮನೆ, ಉಪಕರಣ, ಬೆವರು. ಪ್ರಸಂಗಗಳಲ್ಲಿ ಆ ವರ್ಷಗಳ ಮಾತೇ ಬರೋದಿಲ್ಲ. ದೇವರು ಮನುಷ್ಯನಾದ ಅನ್ನೋದು ಆ ವರ್ಷಗಳಿಗೂ ಸೇರಿತಲ್ಲ!

ಇನ್ನೊಂದು ಪದ. ವಾಕ್ಯವೆಂಬಾತನು ನಮ್ಮ ನಡುವೆ ವಾಸಮಾಡಿದ ಸಂಗತಿ ಹೇಳುವಾಗ ಯೋಹಾನನು ಬಳಸಿದ ಗ್ರೀಕ್ ಕ್ರಿಯಾಪದದ ಮೂಲ ಅರ್ಥ ಡೇರೆ ಹಾಕುವುದು. ಬಂಗಲೆಯಲ್ಲ, ಡೇರೆ. ಕ್ಯಾಂಪಿನಲ್ಲಿರುವ ನಮಗೆ ಅದನ್ನು ಬಿಡಿಸಿ ಹೇಳಬೇಕೇ?

ಗೋದಲಿ ಆ ಮೂಲೆಯಲ್ಲಿದೆ. ಈ ಸಲ ಕೇಬಲ್ ಡ್ರಮ್ಮಿನ ಹಲಗೆಯಿಂದ ಮಾಡಿದ್ದೇವೆ. ಊಟಕ್ಕೆ ಮೊದಲು ನೋಡಿ ಬನ್ನಿ.