ಕುಡಿತ ಬಿಡಿಸುವ ಗುಳಿಗೆ: ಮಿದುಳಿಗೆ ಮುಟ್ಟುವ ದಾರಿ



ಹೊಲದ ಔಷಧಗಳ ಸಂಗತಿ ಹಲವು ಸಲ ಆಗಿದೆ. ಇಂದು ಮನೆಯೊಳಗಿನ ಔಷಧದ ಮಾತು. ಗಂಡನ ಕುಡಿತ ಬಿಡಿಸಬೇಕೆಂದು ಗುಳಿಗೆಯನ್ನು ಪುಡಿ ಮಾಡಿ, ಅವನಿಗೆ ತಿಳಿಯದಂತೆ ಪಲ್ಯದಲ್ಲಿ ಕಲಸುವವರು ಹಳ್ಳಿಗಳಲ್ಲಿ ಇದ್ದಾರೆ. ಇದು ಬಹಳ ಅಪಾಯದ ಕೆಲಸ. ಏಕೆಂಬುದನ್ನು ನೋಡೋಣ.

ಹತ್ತಿಗೆ ಹೊಡೆಯುವ ಕೆಲವು ಔಷಧ ಎಲೆಯ ಮೇಲೇ ಕೂಡುತ್ತವೆ. ಕೆಲವು ಗಿಡದ ರಸದಲ್ಲಿ ಸೇರಿ ಚಿಗುರಿನವರೆಗೆ ಹೋಗುತ್ತವೆ. ಕುಡಿತದ ಗುಳಿಗೆಗಳೂ ಹಾಗೆಯೇ, ಎಲ್ಲವೂ ಒಂದೇ ಕಡೆ ಕೆಲಸ ಮಾಡುವುದಿಲ್ಲ.

ಮಿದುಳಿನ ರಕ್ತನಾಳಗಳ ಗೋಡೆ ಒತ್ತಾಗಿ ಕಟ್ಟಿದ ಬೇಲಿಯಂತಿದೆ. ಕಂಡಕಂಡದ್ದನ್ನು ಒಳಗೆ ಬಿಡದು. ಆದರೆ ಮದ್ಯ ಈ ಬೇಲಿಯನ್ನು ಸಲೀಸಾಗಿ ದಾಟುತ್ತದೆ. ಅದಕ್ಕೇ ಅಮಲು ಅಷ್ಟು ಬೇಗ ಏರುತ್ತದೆ ನೋಡ್ರಿ.

ನಾಲ್ಟ್ರೆಕ್ಸೋನ್ ಎಂಬ ಗುಳಿಗೆ ಕರುಳಿನಿಂದ ರಕ್ತಕ್ಕೆ, ಲಿವರಿನ ಮೂಲಕ ಹಾದು, ಅದೇ ಬೇಲಿಯನ್ನು ದಾಟಿ ಮಿದುಳು ಸೇರುತ್ತದೆ. ಕುಡಿದಾಗ ಸುಖ ಕೊಡುವ ಜಾಗದಲ್ಲಿ ತಾನೇ ಕೂತುಬಿಡುತ್ತದೆ. ಕುಡಿತದ ರುಚಿ ಕೆಡುತ್ತದೆ. ಅಕಾಂಪ್ರೊಸೇಟ್ ಎಂಬುದು ಮಿದುಳಿನ ತಳಮಳವನ್ನು ಇಳಿಸುತ್ತದೆ. ನುಂಗಿದ ನೂರು ಪಾಲಿನಲ್ಲಿ ಸುಮಾರು 11 ಪಾಲು ಮಾತ್ರ ರಕ್ತಕ್ಕೆ ಇಳಿಯುತ್ತದೆ. ಆದ್ದರಿಂದ ದಿನಕ್ಕೆ ಮೂರು ಹೊತ್ತು ತಪ್ಪದೆ ನುಂಗಬೇಕು. ಮೊದಲನೆಯದಕ್ಕೆ ಲಿವರು, ಎರಡನೆಯದಕ್ಕೆ ಮೂತ್ರಪಿಂಡ ಪರೀಕ್ಷೆ ಆಗಲೇಬೇಕು.

ಇನ್ನು ಪಲ್ಯದಲ್ಲಿ ಕಲಸುವ ಗುಳಿಗೆ ಸಾಮಾನ್ಯವಾಗಿ ಡೈಸಲ್ಫಿರಾಮ್. ಕುಡಿತಕ್ಕೆ ಇದರ ಉಪಯೋಗವನ್ನು 1948ರಲ್ಲಿ ಡೆನ್ಮಾರ್ಕಿನವರು ಪ್ರಕಟಿಸಿದರು. ಇದರ ಮುಖ್ಯ ಕೆಲಸ ಮಿದುಳಿನಲ್ಲಲ್ಲ, ಲಿವರಿನಲ್ಲಿ. ಮದ್ಯ ಕರಗುವಾಗ ಹುಟ್ಟುವ ವಿಷವನ್ನು ಮುಂದೆ ಹೋಗಗೊಡದೆ ತಡೆಯುತ್ತದೆ. ಆಗ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಬಡಿದುಕೊಂಡು, ರಕ್ತದ ಒತ್ತಡ ಕುಸಿಯುತ್ತದೆ. ಹೃದಯ ದುರ್ಬಲವಿದ್ದರೆ ಜೀವಕ್ಕೇ ಕುತ್ತು. ಗುಳಿಗೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಇದರ ಗುಣ ಇರಬಹುದು. ಈ ಔಷಧದ ಬಲವೆಲ್ಲ ‘ಕುಡಿದರೆ ಹೀಗಾಗುತ್ತದೆ’ ಎಂಬ ತಿಳಿವಳಿಕೆಯಲ್ಲಿದೆ. ತಿಳಿಯದವ ಕುಡಿಯದೆ ಬಿಟ್ಟಾನೆಯೇ? ಆದ್ದರಿಂದ ಅವನ ಒಪ್ಪಿಗೆಯಿಂದಲೇ, ವೈದ್ಯರ ಕಣ್ಣೆದುರಿನಲ್ಲೇ ಕೊಡಬೇಕು.

ಇನ್ನೊಂದು ಮಾತು. ವರ್ಷಾನುಗಟ್ಟಲೆ ದಿನಾಲೂ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ. ಫಿಟ್ಸ್ ಬರಬಹುದು, ಬುದ್ಧಿ ಭ್ರಮಿಸಬಹುದು. ಆಸ್ಪತ್ರೆಗೆ ಕರೆದೊಯ್ಯಿರಿ.

ಚಚಡಿ, ಸವದತ್ತಿ, ಬೈಲಹೊಂಗಲ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ದೂರವಲ್ಲ. ಹೋಗುವ ಮೊದಲು ಕೇಳಬೇಕೆಂದರೆ ಟೆಲಿ ಮಾನಸ್‌ನ 14416ಕ್ಕೆ ಫೋನು ಮಾಡಬಹುದು, ದುಡ್ಡು ಬೀಳುವುದಿಲ್ಲ. ಬೆಳೆಗೆ ರೋಗ ಬಿದ್ದರೆ ನಾವು ಮುಚ್ಚಿಡುವುದಿಲ್ಲ. ಇದನ್ನೂ ಮುಚ್ಚಿಡುವುದು ಬೇಡ.