ಹಾಲಿಲ್ಲದ ಖಾನಾವಳಿ

ಪೇಡೆಗೆ ಹೆಸರಾದ ಧಾರವಾಡದಲ್ಲಿ ಹಾಲು, ತುಪ್ಪಗಳನ್ನು ಮುಟ್ಟದ ಖಾನಾವಳಿಯೊಂದನ್ನು ತೆರೆಯುತ್ತೇನೆಂದರೆ ಯಾರಿಗಾದರೂ ನಗು ಬಂದೀತು. ಆದರೆ 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾದಂದಿನಿಂದ ವಿದ್ಯಾರ್ಥಿಗಳ ಊರಾಗಿರುವ ಇಲ್ಲಿ ಅದು ಅಸಾಧ್ಯವೇನಲ್ಲ. ಪ್ರಾಣಿಜನ್ಯವಾದುದೆಲ್ಲವನ್ನೂ ವರ್ಜಿಸುವ ಆಹಾರಕ್ರಮಕ್ಕೆ ‘ವೀಗನ್’ ಎಂಬ ಹೆಸರು 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು. ಊಟವಾದರೋ ನಮ್ಮ ಅಡಿಗೆಮನೆಯದೇ. ಜೋಳದ ರೊಟ್ಟಿ, ಬದನೆಯ ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ: ಇವುಗಳಲ್ಲಿ ಹಾಲಿನ ಹನಿಯೂ ಇಲ್ಲ. ಖಡಕ್ ರೊಟ್ಟಿಯಂತೂ ದಿನಗಟ್ಟಲೆ ಕೆಡದು. ಎರಡು ತರಗತಿಗಳ ನಡುವಣ ಹತ್ತು ನಿಮಿಷಗಳಲ್ಲಿ ಬಡಿಸಿ ಮುಗಿಸಬಹುದು.

ಅಗ್ಗದ ಗುಟ್ಟೂ ಇದರಲ್ಲೇ ಇದೆ. ಪೊಟ್ಟಣದ ಬಾದಾಮಿ ಹಾಲಿನ ಬೆನ್ನು ಹತ್ತಿದರೆ ವಿದ್ಯಾರ್ಥಿಯ ಕಿಸೆಗೆ ಊಟ ಎಟುಕಲಾರದು. ಮೊಸರಿನ ಕೊರತೆಯನ್ನು ನೆನೆಸಿ ಅರೆದ ಶೇಂಗಾದ ಹಾಲಿಗೆ ಹೆಪ್ಪು ಹಾಕಿ ನೀಗಬಹುದು. ನಿಜವಾದ ತೊಡಕು ಚಹಾದ್ದು. ಗಿರಾಕಿ ಬರುವುದೇ ಚಹಾಕ್ಕಾಗಿ. ಲಿಂಬೆ ಚಹಾ ಎಲ್ಲರ ನಾಲಗೆಗೂ ಹಿಡಿಸೀತೆಂದು ನಾನು ನಂಬಲಾರೆ.

ಇನ್ನು ರಜೆ. ಹುಡುಗರು ಊರು ಸೇರಿದರೂ ಬಾಡಿಗೆ ನಿಲ್ಲದು, ರೊಟ್ಟಿ ಬಡಿಯುವ ಹೆಂಗಸರ ಕೂಲಿಯೂ ನಿಲ್ಲಬಾರದು. ಆ ತಿಂಗಳುಗಳಲ್ಲಿ ಖಡಕ್ ರೊಟ್ಟಿಯನ್ನೂ ಹಿಂಡಿಯನ್ನೂ ಕಟ್ಟಿ ಮನೆಮನೆಗೆ ಮಾರಬೇಕು.